ಇಟಲಿ ಸೈಕಲ್ ಪ್ರವಾಸ: ಕಡಿಮೆ ಖರ್ಚಿನ ಕ್ಯಾಂಪಿಂಗ್ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಗೆಳೆಯನೂ ಬೊಲ್ಜಾನೊದಿಂದ ಆದಿಜೆ ನದಿಯ ಪಕ್ಕದ ಸೈಕಲ್ ದಾರಿ ಹಿಡಿದು ಟ್ರೆಂಟೊ, ವೆರೋನಾಗಳ ಮೂಲಕ ಗಾರ್ಡಾ ಸರೋವರದ ದಂಡೆಯ ಪೆಸ್ಕಿಯೆರಾ ತಲುಪಿ, ಮಿಂಚೊ ನದಿಗುಂಟ ಮಾಂಟೊವಾಕ್ಕೂ ಅಲ್ಲಿಂದ ಪೊ ನದಿಯ ಏರಿಯ ಮೇಲೆ ಫೆರಾರಾಕ್ಕೂ ಹೋಗಬೇಕೆಂದಿದ್ದೇವೆ.

ಗಾರ್ಡಾ ಸುತ್ತ ಕ್ಯಾಂಪ್‌ಸೈಟ್‌ಗಳಿಗೆ ಬರವಿಲ್ಲ. ಆದರೆ ಈಜುಕೊಳ, ರೆಸ್ಟೋರೆಂಟ್‌ಗಳಿರುವ ದೊಡ್ಡ ತಾಣಗಳಲ್ಲಿ ತಲೆಗಿಷ್ಟು, ಜಾಗಕ್ಕಿಷ್ಟು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕುವುದರಿಂದ, ಕಾರಿಲ್ಲದೆ ಪುಟ್ಟ ಟೆಂಟಿನೊಂದಿಗೆ ಬರುವವರಿಗೂ ಬಾಡಿಗೆ ದುಬಾರಿಯಾಗುತ್ತದೆ. ಎಲ್ಲೆಂದರಲ್ಲಿ ಟೆಂಟ್ ಹಾಕುವುದಕ್ಕೆ ಬಹುತೇಕ ಕಡೆ ನಿರ್ಬಂಧವಿದ್ದು, ದಂಡ ತೆತ್ತರೆ ಉಳಿಸಿದ್ದೆಲ್ಲ ಹೋದಂತೆಯೇ.

ಆದ್ದರಿಂದ ಹೊಲಮನೆಗಳವರು ತಮ್ಮ ಜಮೀನಿನಲ್ಲೇ ನಡೆಸುವ ಅಗ್ರಿಕಾಂಪೆಜ್ಜೊ ಎಂಬ ಕ್ಯಾಂಪ್‌ಸೈಟ್‌ಗಳಲ್ಲಿ ಉಳಿದ ಅನುಭವ ನಿಮಗಿದ್ದರೆ, ಸೈಕಲ್ಲಿಗರಿಗೆ ಬೇರೆ ದರವಿದೆಯೇ, ಮುಂಗಡ ಕಾಯ್ದಿರಿಸದೆ ಸಂಜೆ ಹೋದರೆ ಜಾಗ ಸಿಗುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಮಾಂಟೊವಾ ಮತ್ತು ಫೆರಾರಾಗಳ ನಡುವಿನ ಬಯಲಿನ ಬಗ್ಗೆಯೇ ನಮಗೆ ಹೆಚ್ಚು ಚಿಂತೆ (ಸೊಳ್ಳೆಗಳದ್ದು ಬೇರೆಯೇ ಚಿಂತೆ). ಸೈಕಲ್ ಪ್ರವಾಸಿಗರಿಗೆ ತಂಗಲು ಜಾಗ ಕೊಡುವ ಆತಿಥೇಯರ ಆನ್‌ಲೈನ್ ಜಾಲವಾದ ವಾರ್ಮ್‌ಶವರ್ಸ್ ಮೂಲಕ ಆ ಭಾಗದಲ್ಲಿ ಯಾರದಾದರೂ ಮನೆಯಂಗಳದಲ್ಲಿ ತಂಗಿದವರಿದ್ದರೆ, ಎಷ್ಟು ದಿನ ಮುಂಚೆ ಬರೆದು ಕೇಳಿದ್ದಿರಿ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.