ಅಪ್‌ಡೇಟ್: 50 ಎಂಎಂ ಲೆನ್ಸ್ ಕೊಂಡೆ, ಅಕ್ಕನ ಸೀಮಂತವೂ ಮುಗಿಯಿತು

ಅಕ್ಕನ ಸೀಮಂತದಲ್ಲಿ ಮುಖಗಳನ್ನು ಚೆನ್ನಾಗಿ ತೆಗೆಯಲು ನನ್ನ ಕ್ಯಾನನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 50 ಎಂಎಂ ಎಫ್/1.8 ಕೊಳ್ಳಲೋ, 85 ಎಂಎಂ ಎಫ್/1.8 ಕೊಳ್ಳಲೋ ಎಂದು ಕೇಳಿದ್ದೆ. ‘ಮೊದಲು ಮನೆಯೊಳಗೆ ನಿಂತು ನೋಡಿ’ ಎಂದವರಿಗೆ ಕೈಮುಗಿಯುತ್ತೇನೆ.

ಗೆಳೆಯನ 85 ಎರವಲು ತಂದು ನಡುಮನೆಯಲ್ಲಿ ನಿಂತೆ. ಚಿಕ್ಕ ಸೆನ್ಸರ್ ನೋಟದ ಅಂಚುಗಳನ್ನು ಕತ್ತರಿಸುತ್ತದೆ; ಈ 1.6 ಪಟ್ಟು ಕ್ರಾಪ್‌ನಿಂದಾಗಿ ಅದರ ನೋಟ ದೊಡ್ಡ (ಫುಲ್ ಫ್ರೇಮ್) ಸೆನ್ಸರಿನ ಮೇಲಿನ 136 ಎಂಎಂ ಲೆನ್ಸಿನಷ್ಟು ಕಿರಿದು. ಕುರ್ಚಿಯಲ್ಲಿ ಕೂತ ಅಮ್ಮನನ್ನು ಸೊಂಟದವರೆಗೆ ಹಿಡಿಯುವಷ್ಟರಲ್ಲಿ ನನ್ನ ಬೆನ್ನು ಗೋಡೆಗೆ ತಾಗಿತು. 50 ಆದರೆ 80ರಂತೆ, ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ಅದನ್ನೇ ಕೊಂಡೆ.

ಸೀಮಂತದ ದಿನ ಮೊದಲ ಅರ್ಧ ಗಂಟೆ ಎಲ್ಲವನ್ನೂ ಎಫ್/1.8ರಲ್ಲೇ, ಅಂದರೆ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ತೆಗೆದೆ. ಅಕ್ಕನ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಪಕ್ಕದ ಭಾವನಂತೂ ಪೂರ್ತಿ ಮಸುಕು. ಕಿಂಡಿಯನ್ನು ಎಫ್/2.8ಕ್ಕೆ ಕಿರಿದಾಗಿಸಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 1600ಕ್ಕೆ ಏರಿಸಿ, ಶಟರ್ 1/200 ಸೆಕೆಂಡಿನಲ್ಲಿಟ್ಟೆ. ಟ್ಯೂಬ್‌ಲೈಟ್ ಆರಿಸಿ, ಹಸೆಮಣೆಯನ್ನು ಕಿಟಕಿಯತ್ತ ತಿರುಗಿಸಿದ್ದಂತೂ ಲೆನ್ಸಿಗಿಂತ ಹೆಚ್ಚು ಕೆಲಸ ಮಾಡಿತು.

ಅಜ್ಜಿ ಹಸಿರು ಬಳೆ ತೊಡಿಸುವಾಗ ಅಕ್ಕ ಬೆರಳುಗಳನ್ನು ಒಟ್ಟುಗೂಡಿಸಿ ಕೈ ಚಾಚಿದ್ದಳು. ಬಳೆ ಮಣಿಕಟ್ಟಿಗೆ ಜಾರಿದ ಆ ಕ್ಷಣ ಅಜ್ಜಿ ತಲೆಯೆತ್ತಿದರು. ಕಣ್ಣಂಚಿನ ಸುಕ್ಕು, ಮೂಗುಬೊಟ್ಟಿನ ಹೊಳಪು, ಹಿಂದೆ ಮಂಜಾಗಿ ಕರಗಿದ ಮೊಗ್ಗಿನ ಜಡೆಯ ಬಿಳುಪು, ಎಲ್ಲವೂ ಸಿಕ್ಕಿತು. ನಾನು ಹುಡುಕುತ್ತಿದ್ದುದು ಇದನ್ನೇ.

ಬಂಧುಗಳ ಗುಂಪು ಚಿತ್ರಕ್ಕೆ ಮಾತ್ರ ಹಳೆಯ 18-55 ಎಂಎಂ ಜೂಮ್ ಲೆನ್ಸ್ ಬೇಕೇ ಬೇಕಾಯಿತು, ಅದನ್ನು ಮಾರಬೇಡಿ. ಅಜ್ಜಿಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದೇನೆ. ನಾಮಕರಣಕ್ಕೂ ಇದೇ ಲೆನ್ಸ್.