ಬೀದರ್‌ನಿಂದ ಹೈದರಾಬಾದಿಗೆ ಆಂಬುಲೆನ್ಸ್ 14,000, ಇನ್ಶೂರೆನ್ಸ್‌ನವ್ರು ಕೊಟ್ಟಿದ್ದು 1,900. ಇದು ಸರಿ ಅದ ಏನ್ರಿ?

ಹುಮ್ನಾಬಾದ್ ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮೂರು ಹುಮ್ನಾಬಾದ್ ಹತ್ರ. ಹೋದ ತಿಂಗಳು ರಾತ್ರಿ 2 ಗಂಟೆ ಸುಮಾರಿಗೆ ಅಪ್ಪಗ ಎದಿ ನೋವು ಚಾಲೂ ಆಯ್ತು, ಅಂಗಿ ಪೂರಾ ಬೆವರಿನಾಗ ತೊಯ್ದಿತ್ತು. ಗಾಬರ್ಯಾಗ ಗುರ್ತಿನವ್ರ ಪ್ರೈವೇಟ್ ಆಂಬುಲೆನ್ಸ್ ಕರ್ಸಿ ಬೀದರ್‌ಗೆ ಒಯ್ದೆವು, ಅದಕ್ಕ 3,000. ಅಲ್ಲಿ ದವಾಖಾನ್ಯಾಗ ಇಸಿಜಿ ಮಾಡಿ, ಇಂಜೆಕ್ಷನ್ ಕೊಟ್ಟು, ಮೂರು ತಾಸು ಇಟ್ಕೊಂಡು ಹೈದರಾಬಾದಿಗೆ ಒಯ್ರಿ ಅಂದ್ರು. ವೆಂಟಿಲೇಟರ್ ಆಂಬುಲೆನ್ಸ್‌ನವ 14,000 ಹೇಳ್ದ, ಅಪ್ಪ ಸ್ಟ್ರೆಚರ್ ಮ್ಯಾಲ ಮಲಗ್ಯಾರ, ಮಾರಿಗೆ ಆಕ್ಸಿಜನ್ ಮಾಸ್ಕ್ ಅದ, ಅವ 10,000 ಫೋನ್‌ಪೇ ಬಂದ್ಮ್ಯಾಲೇ ಗಾಡಿ ಚಾಲೂ ಮಾಡ್ತೀನಿ ಅಂತಾನ. ಅಂಥಾ ಹೊತ್ನ್ಯಾಗ ಚೌಕಾಸಿ ಮಾಡ್ಲಿಕ್ಕೆ ಬಾಯಿ ಬರಲ್ರಿ.

ಹೈದರಾಬಾದ್‌ನಾಗ ಸ್ಟೆಂಟ್ ಹಾಕಿದ್ರು, ಅದು ಕ್ಯಾಶ್‌ಲೆಸ್ ಆಯ್ತು. ಪಾಲಿಸಿ ಆರೋಗ್ಯ ಸಂಜೀವಿನಿ, 5 ಲಕ್ಷದ್ದು. ಆಂಬುಲೆನ್ಸ್ ಬಿಲ್ ಎರಡೂ ಆಮ್ಯಾಲ ಕಳ್ಸಿದ್ದೆ, ಅಕೌಂಟಿಗೆ ಬರೇ 1,900 ಬಂದದ. 17,000 ಕೊಟ್ಟವ್ರಿಗೆ 1,900! ಏಜೆಂಟ್ ಫೋನೇ ಎತ್ತಲ್ಲ. ಕಂಪ್ಲೇಂಟ್ ಮಾಡ್ಲ್ಯಾ, ಬಿಟ್ಟು ಬಿಡ್ಲ್ಯಾ? ಗೊತ್ತಿದ್ದವ್ರು ಹೇಳ್ರಿ.

ತೊಗರಿ ಕಣಜ (ಕಲಬುರಗಿ):
ತಮ್ಮಾ, ಮೊದ್ಲು ಅಪ್ಪಾಜಿ ಆರಾಮ ಆಗ್ಯಾರಲ್ಲ, ಅದು ದೊಡ್ಡದು. ನಾನು ದವಾಖಾನಿ ಇನ್ಶೂರೆನ್ಸ್ ಡೆಸ್ಕ್‌ನಾಗ ಕೆಲಸ ಮಾಡ್ತೀನಿ, ದಿನಾ ಇದೇ ಜಗಳ ನೋಡ್ತೀನಿ. ಆರೋಗ್ಯ ಸಂಜೀವಿನಿ ಅಂದ್ರ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮ್ಯಾಲ ನಿಗಾ ಇಡೋ ಸರಕಾರಿ ಸಂಸ್ಥಾ) 2020ರಾಗ ಎಲ್ಲಾ ಕಂಪನಿಗೂ ಒಂದೇ ಥರ ಮಾಡ್ಸಿದ ಪಾಲಿಸಿ, ಅದ್ರಾಗ ಆಂಬುಲೆನ್ಸಿಗೆ ಒಂದು ಅಡ್ಮಿಶನ್‌ಗೆ ಹೆಚ್ಚಂದ್ರ 2,000 ಅಂತ ಬರ್ದದ. 14,000 ಆಗ್ಲಿ 40,000 ಆಗ್ಲಿ, 2,000ದ ಮ್ಯಾಲ ಬರಲ್ಲ. ಆ ಉಳಿದ 100 ಎಲ್ಲಿ ಹೋಯ್ತು ಅಂದ್ರ, ಈ ಪಾಲಿಸ್ಯಾಗ ಪ್ರತಿ ಕ್ಲೇಮಿಗೂ 5% ಕೋಪೇ, ಅಂದ್ರ ನಾವೇ ಹಾಕ್ಬೇಕಾದ ಪಾಲು ಅದ, 2,000ಕ್ಕ 5% ಅಂದ್ರ 100. ಹಂಗಾಗಿ 1,900 ಲೆಕ್ಕ ಬರೋಬ್ಬರಿ ಅದ, ಬೀದರ್ ಗಾಡಿ 3,000ದ ಸಲುವಾಗಿ ಹೊಡದಾಡಿದ್ರೂ ಏನೂ ಬರಲ್ಲ, ಹೈದರಾಬಾದ್ ಬಿಲ್ಲಿಗೇ ಮಿತಿ ಮುಗದದ.

ಆದ್ರ ನೀ ಒಂದು ಮರ್ತೀದಿ ಅನಸ್ತದ. ಬೀದರ್‌ನಾಗ ಆದ ಇಸಿಜಿ, ರಕ್ತ ಪರೀಕ್ಷಾ, ಇಂಜೆಕ್ಷನ್ ಖರ್ಚು ಕೇಳೀಯೇನು? ಅಡ್ಮಿಟ್ ಆಗೋಕ್ಕಿಂತ ಮೊದ್ಲಿನ 30 ದಿನದ ಖರ್ಚು, ಡಿಸ್ಚಾರ್ಜ್ ಆದ್ಮ್ಯಾಲ 60 ದಿನದ್ದು, ಅದೇ ರೋಗಕ್ಕ ಆದದ್ದಿದ್ರ ಈ ಪಾಲಿಸ್ಯಾಗ ಸಿಗ್ತದ. ಮೊದ್ಲಿನ ಖರ್ಚಿನ ಕಾಗದ ಡಿಸ್ಚಾರ್ಜ್ ಆದ 30 ದಿನದೊಳಗ ಕೊಡ್ಬೇಕು, ಹಂಗಾಗಿ ಇವತ್ತೇ ಬೀದರ್ ಫೈಲ್ ಬಿಚ್ಚಿ ನೋಡು. ಆ ಇಂಜೆಕ್ಷನ್ ಒಂದೇ ಸಾವಿರಗಟ್ಲೆ ಇರ್ತದ.

ಇನ್ನೊಂದು, ಆ 14,000ದ ಬಿಲ್‌ನಾಗ ಟೋಲ್, ಜಿಎಸ್‌ಟಿ ಅಂತ ಏನರೆ ಸೇರ್ಸ್ಯಾರೇನು ನೋಡು. ನ್ಯಾಷನಲ್ ಹೈವೇದಾಗ ಆಂಬುಲೆನ್ಸಿಗೆ ಟೋಲ್ ಇಲ್ಲ, ಪೇಶಂಟ್ ಒಯ್ಯೋ ಆಂಬುಲೆನ್ಸ್ ಸೇವಾಕ್ಕ ಜಿಎಸ್‌ಟಿನೂ ಇಲ್ಲ.

ಶಹಾಪುರ ಸಿಸ್ಟರ್:
ಇನ್ಶೂರೆನ್ಸ್ ಬಗ್ಗೆ ಮ್ಯಾಲಿನ ಅಣ್ಣಾವ್ರು ಹೇಳ್ಯಾರ, ನಾನು ಬ್ಯಾರೆ ಮಾತು ಹೇಳ್ತೀನಿ, ಬೈಯ್ಯಾಕತ್ತೀನಿ ಅಂತ ತಿಳ್ಕೋಬ್ಯಾಡ್ರಿ. ತಾಲೂಕು ಸರಕಾರಿ ದವಾಖಾನ್ಯಾಗ ಡ್ಯೂಟಿ ಮಾಡ್ತೀನಿ. 108 ಬಿಟ್ಟು ಪ್ರೈವೇಟ್ ಗಾಡಿ ಯಾಕ ಕರದ್ರಿ? 2008ರಿಂದ ನಮ್ಮ ರಾಜ್ಯದಾಗ ಅದು ಅದ, ಒಂದು ರೂಪಾಯಿ ತಗೊಳ್ಳಲ್ಲ. ಬರೋದು ತಡ ಆಗ್ತದ ಅಂತ ಮಂದಿ ಹೇಳ್ತಾರ, ಒಮ್ಮೊಮ್ಮೆ ಖರೆ, ಆದ್ರ ಫೋನ್ ಹಚ್ಚಿ ಕೇಳಿ ಆಮ್ಯಾಲ ನಿರ್ಧಾರ ಮಾಡ್ರಿ.

ಎದಿ ನೋವು ಅಂದ್ರ ಮೊದ್ಲು ಹತ್ರದ ತಾಲೂಕು ದವಾಖಾನಿಗೇ ಹೋಗ್ರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಯೋಜನಾ ಅದ, ಇಸಿಜಿ ತಗದು ದೊಡ್ಡ ದವಾಖಾನಿ ಡಾಕ್ಟರಿಗೆ ಕಳಸ್ತಾರ, ರಕ್ತನಾಳ ಪೂರಾ ಮುಚ್ಚಿದ ಅಟ್ಯಾಕ್ ಅಂತ ಆದ್ರ ಹೆಪ್ಪು ಕರಗೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕಟ ಕೊಡ್ತಾರ. ಅದು ಎಷ್ಟು ಲಗೂ ಬಿದ್ರ ಅಷ್ಟು ಹೃದಯ ಉಳೀತದ. ಮುಂದ ಒಯ್ಯೋದಿದ್ರ ಕಲಬುರಗ್ಯಾಗ ಜಯದೇವ ಹೃದಯದ ಸರಕಾರಿ ದವಾಖಾನಿ ಅದ, 2024ರಾಗ 371 ಹಾಸಿಗಿ ಹೊಸ ಕಟ್ಟಡ ಚಾಲೂ ಆಗ್ಯಾದ. ನಿಮ್ಮ ಹುಮ್ನಾಬಾದ್‌ಗೆ ಹೈದರಾಬಾದ್‌ಕಿಂತ ಅದು ಭಾಳ ಹತ್ರ. ಎಲ್ಲರೂ ಹೈದರಾಬಾದ್, ಸೊಲ್ಲಾಪುರ ಅಂತ ಓಡ್ತಾರ, ದಾರ್ಯಾಗೇ ಜೀವ ಹೋದದ್ದು ನಾ ನೋಡೀನಿ, ಅದಕ್ಕ ಇಷ್ಟು ಹೇಳ್ದೆ.

ಆಳಂದ ಮಾಸ್ತರ್:
ನಮ್ಮದು ಬ್ಯಾರೆ ಕಂಪನಿ. ಅತ್ತೀಗಿ ಬಿದ್ದು ಸೊಂಟ ಮುರದಾಗ ಆಂಬುಲೆನ್ಸ್ ಬಿಲ್ ಪೂರಾ ರಿಜೆಕ್ಟ್ ಮಾಡಿದ್ರು. ಕಾರಣ, ರಸೀದಿ ಬರೇ ಬಿಳಿ ಚೀಟಿ, ಗಾಡಿ ನಂಬರ್ ಇಲ್ಲ, ಪೇಶಂಟ್ ಹೆಸರಿಲ್ಲ, ಎಲ್ಲಿಂದ ಎಲ್ಲಿಗೆ ಅಂತ ಇಲ್ಲ. ತಿರುಗಿ ಹೋಗಿ ಅವ್ನ ಕಡಿಂದ ಸರಿಯಾದ ರಸೀದಿ ಬರಸ್ಕೊಂಡು ಬಂದೆ, ಕಂಪನಿ ಗ್ರೀವನ್ಸ್ ಮೇಲ್‌ಗೆ ಹಾಕ್ದೆ, ಕ್ಲೇಮ್ ಪಾಸಾಯ್ತು. ಆಗದಿದ್ರ ಐಆರ್‌ಡಿಎಐ ಬಿಮಾ ಭರೋಸಾ ಪೋರ್ಟಲ್ ಅದ, ಅಥವಾ 155255ಕ್ಕ ಫೋನ್ ಮಾಡ್ರಿ. ತಿಂಗಳಾದ್ರೂ ಕಂಪನಿ ಉತ್ತರ ಕೊಡ್ಲಿಲ್ಲಂದ್ರ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ತಕರಾರು ಬಗೆಹರಿಸೋ ಅಧಿಕಾರಿ) ಬರೀಬಹುದು, ಫೀ ಇಲ್ಲ, ವಕೀಲ ಬೇಕಾಗಿಲ್ಲ. ಡಿಸ್ಚಾರ್ಜ್ ಆಗಿ ಮನಿಗೆ ಬಂದ ಗಾಡಿ ಬಿಲ್ ಮಾತ್ರ ನಮಗೆ ಕೊಡ್ಲಿಲ್ಲ.

ತೊಗರಿ ಕಣಜ:
ಮಾಸ್ತರು ಹೇಳಿದ್ದು ಖರೆ, ಆದ್ರ ಹುಮ್ನಾಬಾದ್ ತಮ್ಮನ ಕೇಸ್‌ನಾಗ ಕಂಪನಿ ತಪ್ಪಿಲ್ಲ. ತಮ್ಮಾ, ಮನ್ಯಾಗ ಯಾರರೆ ಕಂಪನಿ ನೌಕರ್ಯಾಗ ಅದಾರೇನು? ಅವ್ರ ಗ್ರೂಪ್ ಇನ್ಶೂರೆನ್ಸ್‌ನಾಗ ಅಪ್ಪಾಜಿ ಹೆಸರಿದ್ರ, ಇಲ್ಲಿ ಬಿಟ್ಟು ಉಳಿದ ರೊಕ್ಕ ಅಲ್ಲಿ ಕೇಳ್ಬಹುದು, ಆ ಪಾಲಿಸಿ ಮಿತಿ ಎಷ್ಟೈತೋ ಅಷ್ಟು. ಒರಿಜಿನಲ್ ಬಿಲ್ ಮೊದಲ್ನೇ ಕಂಪನಿ ಕಡೆ ಇರ್ತಾವ, ಅದಕ್ಕ ಅವ್ರ ಕಡಿಂದ ಸೆಟಲ್‌ಮೆಂಟ್ ಲೆಟರ್ ಮತ್ತ ದೃಢೀಕರಿಸಿದ ಕಾಪಿ ತಗೋ. ಸಿಟ್ಟಿನ್ಯಾಗ ಈ ಪಾಲಿಸಿ ಮಾತ್ರ ಬಿಡಬ್ಯಾಡ, ಸ್ಟೆಂಟ್ ಹಾಕಿದವ್ರಿಗೆ ಹೊಸಾದು ಸಿಗೋದು ಭಾಳ ಕಷ್ಟ.

ಹುಮ್ನಾಬಾದ್ ಹುಡುಗ:
ಅಣ್ಣಾ, ಅಕ್ಕಾ, ಮಾಸ್ತರೇ, ಎಲ್ಲರಿಗೂ ಶರಣು. ತಮ್ಮ ಬೆಂಗಳೂರಾಗ ಅದಾನ, ಕೇಳ್ದೆ, ಅವ್ನ ಆಫೀಸ್ ಪಾಲಿಸ್ಯಾಗ ಅಪ್ಪ ಅವ್ವ ಇಬ್ಬರದೂ ಹೆಸರದ ಅಂತ, ನಮಗ ಯಾರಿಗೂ ನೆನಪೇ ಇರ್ಲಿಲ್ಲ. ಬೀದರ್ ಬಿಲ್ ದಿಂಬಿನ ಕೆಳಗ ಔಷಧಿ ಚೀಲದಾಗ ಸಿಕ್ಕಾವ, ಇಂಜೆಕ್ಷನ್ ಒಂದೇ 24,000 ಅದ. ಡಿಸ್ಚಾರ್ಜ್ ಆಗಿ ಇವತ್ತಿಗೆ 22 ದಿನ, ನಾಳಿ ಮುಂಜಾನೇ ಕೊರಿಯರ್ ಮಾಡ್ತೀನಿ. ಸಿಸ್ಟರ್ ಹೇಳಿದ್ದು ಅವ್ವಗ ಓದಿ ಹೇಳ್ದೆ, ಅಕೀ 108 ಅಂತ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಅಂಟಸು ಅಂದ್ಳು.