ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿ ಓಡುತ್ತದೆ, ಬ್ರೌಸರ್ ತೆವಳುತ್ತದೆ. ಯಾಕೆ?

ಸಪ್ತಾಪುರ_ಲೆಕ್ಕ:
ನಮಸ್ಕಾರ ರೀ. ಮನೆ ಧಾರವಾಡ, ಆಫೀಸು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಮೊದಲು ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಹಚ್ಚಿ, ಆಮೇಲೆ ರಿಮೋಟ್ ಡೆಸ್ಕ್‌ಟಾಪಿನಿಂದ ಆಫೀಸ್ ಪಿಸಿಗೆ ಹೋಗುತ್ತೇನೆ. ಟ್ಯಾಲಿ ತಕರಾರಿಲ್ಲದೆ ಓಡುತ್ತದೆ. ಅಲ್ಲೇ ಕ್ರೋಮ್ ತೆಗೆದರೆ ಮುಗಿಯಿತು. ಸ್ಕ್ರಾಲ್ ಮಾಡಿದರೆ ಪೇಜು ತುಂಡು ತುಂಡಾಗಿ ಬರುತ್ತದೆ, ಒತ್ತಿದ ಅಕ್ಷರ ಎರಡು ಸೆಕೆಂಡ್ ಆದ ಮೇಲೆ ಕಾಣುತ್ತದೆ. ಆ ಪಿಸಿಯಲ್ಲೇ ಸ್ಪೀಡ್ ಟೆಸ್ಟ್ ಮಾಡಿದೆ, 40 ಎಂಬಿಪಿಎಸ್. ಮನೆಯಲ್ಲಿ 100. ಮತ್ತೆ ಎಲ್ಲಿ ಸಿಕ್ಕಿಕೊಂಡಿದೆ?

ಯಾಲಕ್ಕಿ_ಹಾವೇರಿ:
ವಿಪಿಎನ್ ಬಿಟ್ಟುಬಿಡಿ. ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆರೆದು ನೇರವಾಗಿ ಕನೆಕ್ಟ್ ಆಗಿ.

ಗದಗ_ತಂತಿ:
ದಯವಿಟ್ಟು ಹಾಗೆ ಮಾಡಬೇಡಿ. 3389 ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹುಡುಕಿಕೊಂಡು ಬರುತ್ತವೆ. ಅದು ಲೆಕ್ಕಪತ್ರ ಇರೋ ಪಿಸಿ ಅಲ್ವಾ?

ಆ ಸ್ಪೀಡ್ ಟೆಸ್ಟ್ ಹೇಳಿದ್ದು ಆಫೀಸಿಗೆ ಎಷ್ಟು ಬರುತ್ತದೆ ಅನ್ನೋದನ್ನು ಮಾತ್ರ. ನಿಮ್ಮ ಪರದೆ ಮೇಲೆ ಕಾಣೋದು ಆಫೀಸಿನಿಂದ ಹೊರಗೆ ಬರಬೇಕು, ಅಂದರೆ ಅಲ್ಲಿನ ಅಪ್‌ಲೋಡ್ ಮುಖ್ಯ. ಟ್ಯಾಲಿಯಲ್ಲಿ ಒಂದು ಅಂಕಿ ಹೊಡೆದರೆ ಪರದೆಯ ಒಂದು ಮೂಲೆ ಬದಲಾಗುತ್ತದೆ, ಅಷ್ಟೇ ಕಳಿಸಿದರೆ ಸಾಕು. ಬ್ರೌಸರಿನಲ್ಲಿ ಒಮ್ಮೆ ಸ್ಕ್ರಾಲ್ ಮಾಡಿದರೆ ಹೆಚ್ಚುಕಮ್ಮಿ ಇಡೀ ಪರದೆ ಹೊಸದು. ಕುಣಿಯುವ ಜಾಹೀರಾತು ಇದ್ದರಂತೂ ಸುಮ್ನೆ ಕುಳಿತರೂ ಡೇಟಾ ಹರಿಯುತ್ತಲೇ ಇರುತ್ತದೆ.

ಎರಡು ಕೆಲಸ ಮಾಡಿ. ಆಫೀಸಿನ ಅಪ್‌ಲೋಡ್ ಎಷ್ಟು ನೋಡಿ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಆಫೀಸ್ ಪಿಸಿಯ ಐಪಿಗೆ (ನೆಟ್‌ವರ್ಕ್ ವಿಳಾಸಕ್ಕೆ) ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ ಅಳೆಯುವ ಕಮಾಂಡ್) ಓಡಲು ಬಿಟ್ಟು, ಎಂದಿನಂತೆ ಕೆಲಸ ಮಾಡಿ.

ಸಪ್ತಾಪುರ_ಲೆಕ್ಕ:
ಅಪ್‌ಲೋಡ್ ಬರೀ 4! ಪಿಂಗ್ 300ರಿಂದ 400 ಮಿಲಿಸೆಕೆಂಡ್ ಆಡುತ್ತಿದೆ. ಆದರೆ ವಿಚಿತ್ರ ಏನೆಂದರೆ, ನಾನು ಚಹಾ ಮಾಡಲು ಎದ್ದುಹೋದಾಗ, ಏನೂ ಮುಟ್ಟದಿದ್ದಾಗಲೂ ಅಷ್ಟೇ ಇತ್ತು.

ಗದಗ_ತಂತಿ:
ಹಾಗಾದರೆ ಬೇರೆ ಯಾರೋ ಆ 4 ತಿನ್ನುತ್ತಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಆಗ ಇನ್ನೇನು ಓಡುತ್ತಿತ್ತು?

ಸಪ್ತಾಪುರ_ಲೆಕ್ಕ:
ಯೂಟ್ಯೂಬ್‌ನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನ. ಆದರೆ ಅದು ನನ್ನ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ, ರಿಮೋಟಿನಲ್ಲಿ ಅಲ್ಲ.

ಗದಗ_ತಂತಿ:
ಸಿಕ್ಕಿತು ನೋಡಿ! ವಿಪಿಎನ್ ಹಚ್ಚಿಕೊಂಡೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ‘ವಾಟ್ ಈಸ್ ಮೈ ಐಪಿ’ ಹುಡುಕಿ. ಅದನ್ನೇ ರಿಮೋಟ್ ಪಿಸಿಯಲ್ಲೂ ಹುಡುಕಿ. ಎರಡೂ ಕಡೆ ಒಂದೇ ನಂಬರ್ ಬಂದರೆ ನಿಮ್ಮ ಮನೆಯ ಇಂಟರ್‌ನೆಟ್ ಪೂರ್ತಿ ಆಫೀಸಿನ ಮೂಲಕ ಹೋಗುತ್ತಿದೆ. ಮನ್ಸೂರರ ಊರು ಧಾರವಾಡದಲ್ಲೇ ಕುಳಿತು ಮನ್ಸೂರರನ್ನು ಹುಬ್ಬಳ್ಳಿ ಸುತ್ತಿಸಿ ಕರೆಸಿಕೊಳ್ಳುತ್ತಿದ್ದೀರಿ. ವಿಡಿಯೊ ಮತ್ತು ರಿಮೋಟ್ ಪರದೆ ಎರಡೂ ಅದೇ 4ರಲ್ಲಿ ನುಗ್ಗಬೇಕು.

ಒಂದೇ ನಂಬರ್ ಬಂದರೆ: ರನ್‌ನಲ್ಲಿ ncpa.cpl ಹೊಡೆಯಿರಿ. ನಿಮ್ಮ ವಿಪಿಎನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ನೆಟ್‌ವರ್ಕಿಂಗ್, ಐಪಿವಿ4, ಮತ್ತೆ ಪ್ರಾಪರ್ಟೀಸ್, ಅಡ್ವಾನ್ಸ್‌ಡ್. ಅಲ್ಲಿ ‘ಯೂಸ್ ಡಿಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್’ ಎದುರಿನ ಟಿಕ್ ತೆಗೆದು, ವಿಪಿಎನ್ ಬಿಚ್ಚಿ ಮತ್ತೆ ಹಚ್ಚಿ. ಇದು ವಿಂಡೋಸಿನ ಸ್ವಂತ ವಿಪಿಎನ್‌ಗೆ ಹೇಳಿದ್ದು. ಬೇರೆ ಆ್ಯಪ್ ಇದ್ದರೆ ಅದರಲ್ಲಿ ‘ಸ್ಪ್ಲಿಟ್ ಟನೆಲ್’ (ಆಫೀಸಿನ ಡೇಟಾ ಮಾತ್ರ ವಿಪಿಎನ್ ಮೂಲಕ ಕಳಿಸುವ ಆಯ್ಕೆ) ಹುಡುಕಿ. ಮೊದಲು ಆಫೀಸಿನವರನ್ನು ಕೇಳಿ. ಕೆಲವರು ಬೇಕೆಂದೇ ಎಲ್ಲವೂ ಆಫೀಸಿನ ಮೂಲಕ ಹೋಗುವಂತೆ ಇಟ್ಟಿರುತ್ತಾರೆ.

ಸಪ್ತಾಪುರ_ಲೆಕ್ಕ:
ಎರಡೂ ಕಡೆ ಒಂದೇ ನಂಬರ್ ಇತ್ತು ರೀ! ಸಾಹೇಬರನ್ನು ಕೇಳಿಯೇ ಟಿಕ್ ತೆಗೆದೆ. ಈಗ ಗಾಯನ ನಡೆದಿದ್ದರೂ ಪಿಂಗ್ 15. ಅಕ್ಷರ ಒತ್ತಿದ ಕೂಡಲೇ ಬರುತ್ತದೆ. ಸ್ಕ್ರಾಲ್ ಇನ್ನೂ ಸ್ವಲ್ಪ ಜಗ್ಗುತ್ತದೆ. ನನ್ನದು 4ಕೆ ಮಾನಿಟರ್.

ಗದಗ_ತಂತಿ:
4ಕೆ ಅಂದರೆ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಪಿಕ್ಸೆಲ್. ಕನೆಕ್ಟ್ ಆಗುವ ಮುಂಚೆ ‘ಶೋ ಆಪ್ಷನ್ಸ್’ ಒತ್ತಿ, ಡಿಸ್‌ಪ್ಲೇಯಲ್ಲಿ 1920×1080 ಇಡಿ. ಆ ಪಿಸಿಯ ಕ್ರೋಮ್‌ಗೆ ಒಂದು ಆ್ಯಡ್ ಬ್ಲಾಕರ್ ಹಾಕಿ. ಇಷ್ಟರಲ್ಲೇ ತುಂಬಾ ಹಗುರ ಆಗುತ್ತದೆ. ಆಫೀಸ್ ಪಿಸಿಯಲ್ಲೇ ತೆಗೆಯಬೇಕು ಅನ್ನೋ ಸೈಟ್ ಬಿಟ್ಟರೆ ಉಳಿದದ್ದನ್ನು ಲ್ಯಾಪ್‌ಟಾಪಿನಲ್ಲೇ ನೋಡಿ.

ಸಪ್ತಾಪುರ_ಲೆಕ್ಕ:
ಆಯ್ತು ಸರ, ಈಗ ಸರಿ ಇದೆ. ಒಂದೇ ಕಿರಿಕಿರಿ: ಮೊದಲು ಪಿಸಿ ಹೆಸರು ಹಾಕಿದರೆ ಸಿಗುತ್ತಿತ್ತು, ಈಗ ಐಪಿ ಹಾಕಿದರೆ ಮಾತ್ರ ಸಿಗುತ್ತದೆ.

ಗದಗ_ತಂತಿ:
ಹೆಸರು ಹುಡುಕೋ ಕೆಲಸ ಈಗ ಮನೆಯ ಡಿಎನ್‌ಎಸ್‌ಗೆ (ಹೆಸರಿಗೆ ಐಪಿ ಹುಡುಕಿಕೊಡುವ ಸೇವೆಗೆ) ಹೋಗುತ್ತಿರಬೇಕು, ಅದಕ್ಕೆ ನಿಮ್ಮ ಆಫೀಸ್ ಪಿಸಿ ಯಾರೆಂದು ಗೊತ್ತಿಲ್ಲ. ಐಪಿಯನ್ನೇ ಸೇವ್ ಮಾಡಿಕೊಳ್ಳಿ. ಆಫೀಸ್ ರೂಟರಿನಲ್ಲಿ ಆ ಪಿಸಿಗೆ ಅದೇ ಐಪಿ ಫಿಕ್ಸ್ ಮಾಡಿಸಿ, ಇಲ್ಲದಿದ್ದರೆ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಹುಡುಕುತ್ತಾ ಕೂರಬೇಕಾಗುತ್ತದೆ.